ಕಪ್ಪು ಬಟ್ಟೆ

ಅಮ್ಮಾ,

ನೀನು ಹೋಗಿ ನಾಲ್ಕು ವರ್ಷ ಆಯ್ತು. ಈ ಕಾಗದ ಎಲ್ಲಿಗೂ ಹೋಗಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಹೋದ ತಿಂಗಳು ಅಂಗಡೀಲಿ ಕಪ್ಪು ಕೋಟಿಗೆ ಅಂಚು ಮಡಚಿ ಹೊಲೀತಿದ್ದಾಗ ಬಟ್ಟೆ ಮೇಲೆ ಬಿಳಿ ಹೊಟ್ಟು ಉದುರಿತು. ಸೀಮೆಸುಣ್ಣದ ಪುಡಿ ಅಂದ್ಕೊಂಡು ಕೊಡವಿದೆ. ಮತ್ತೆ ಉದುರಿತು. ನೋಡಿದರೆ ನನ್ನದೇ ಮೊಣಕೈಯಿಂದ, ನಿನಗೆ ಉದುರುತ್ತಿದ್ದ ಹಾಗೇ.

ಇವತ್ತು ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಆಕೆ ಬರಿಗೈಯಲ್ಲೇ ಒತ್ತಿ ನೋಡಿದರು. ನಾನು ಕೈ ಎಳ್ಕೊಂಡೆ.

"ಸೋರಿಯಾಸಿಸ್ ಅಂಟೋ ಕಾಯಿಲೆ ಅಲ್ಲಮ್ಮ. ಪೂರ್ತಿ ಹೋಗಲ್ಲ, ಆದರೆ ಹತೋಟೀಲಿ ಇಟ್ಕೋಬಹುದು. ಸ್ನಾನ ಆದ ತಕ್ಷಣ ಮುಲಾಮು ಹಚ್ಚಿ, ಕೆರೀಬೇಡಿ. ಮನಸ್ಸಿಗೆ ನೋವಾದರೆ ಜಾಸ್ತಿಯಾಗುತ್ತೆ, ನೋಡ್ಕೊಳ್ಳಿ" ಅಂದರು.

ಅಂಟಲ್ಲ ಅಂತ ನೀನೂ ಹೇಳಿದ್ದೆ. ನಾನು ನಿನ್ನ ಟವೆಲಿಗೆ ಅಂತ ಬೇರೆ ಮೊಳೆ ಹೊಡೆದೆ. ಕಪ್ಪು ಬಟ್ಟೆ ಮುಟ್ಟಬೇಡ ಅಂದೆ. ಅಂಗಡಿಗೆ ಹೆಸರು ತಂದ ಕೈಗೆ ದಿಂಬಿನ ಬಿಳಿ ಚೀಲ ಕೊಟ್ಟು ಕೂರಿಸಿದೆ. ಗಿರಾಕಿ ಬಂದರೆ ನಾನು ಒಂದು ಸಲ ಕೆಮ್ಮುತ್ತಿದ್ದೆ. ನೀನು ತಲೆ ಎತ್ತದೆ ಎದ್ದು ಒಳಕೋಣೆಗೆ ಹೋಗ್ತಿದ್ದೆ. ಬಾಯಿಬಿಟ್ಟು ಹೇಳಲಿಲ್ಲವಲ್ಲ ಅಂತ ಆಗ ನನಗೆ ನಾನೇ ಸಮಾಧಾನ ಮಾಡ್ಕೊಳ್ತಿದ್ದೆ.

ಕೊನೆಗೆ ಡಾಕ್ಟರು ಪೆನ್ನು ತಗೊಂಡು ಕೇಳಿದರು: "ಇದು ವಂಶದಲ್ಲಿ ಬರೋದುಂಟು. ನಿಮ್ಮ ಮನೇಲಿ ಯಾರಿಗಾದರೂ ಇತ್ತಾ?"

ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನ ಮೇಲೆ ನಮ್ಮ ಗಿರಾಕಿಯೊಬ್ಬರು ಕೂತಿದ್ದರು.

ನಾನು ಒಂದು ಸಲ ಕೆಮ್ಮಿದೆ. ಆಮೇಲೆ, "ಯಾರಿಗೂ ಇರಲಿಲ್ಲ" ಅಂದೆ.