ಕುರ್ಚಿಯ ಅಡಿಭಾಗ

ಮೇದಾ, ಮಾರ್ಚ್ ೧೪

ಬೆಲ್ಜೇರಿ ಪ್ರತಿಷ್ಠಾನದ ಅಧ್ಯಕ್ಷರಿಗೆ,

ವಾಸ್ತುಶಿಲ್ಪಿ ಬೆಲ್ಜೇರಿಯವರ ಶತಮಾನೋತ್ಸವಕ್ಕೆಂದು ನೀವು ಒಯ್ದಿದ್ದ ನಮ್ಮಪ್ಪ ಮಾಡಿದ ಕುರ್ಚಿ ನಿನ್ನೆ ವಾಪಸು ಬಂತು. ಫಳಫಳ ಹೊಳೆಯುತ್ತಿದೆ. ಮಗುಚಿ ನೋಡಿದೆ. ಅಡಿಯಲ್ಲಿದ್ದ ಪೆನ್ಸಿಲ್ ಬರಹವನ್ನೆಲ್ಲ ಕೊಳೆಯೆಂದುಕೊಂಡು ಉಪ್ಪುಕಾಗದದಲ್ಲಿ ಉಜ್ಜಿ ತೆಗೆದಿದ್ದೀರಿ.

ಬೆಲ್ಜೇರಿಯವರು ಪ್ರತಿ ಶನಿವಾರ ಅಪ್ಪನ ಮರಗೆಲಸದ ಅಂಗಡಿಗೆ ಬಂದು, ಅರೆಬರೆ ಆಗಿದ್ದ ಆ ಕುರ್ಚಿಯ ಮೇಲೆ ಕೂತು, "ಅಂಬ್ರೋಜೋ, ಇನ್ನೂ ಬೆನ್ನಿಗೆ ಒತ್ತುತ್ತೆ ಕಣಯ್ಯಾ" ಎನ್ನುತ್ತಿದ್ದರು.

"ನಿಮ್ಮ ಬೆನ್ನೇ ಸೊಟ್ಟಗಿದೆ, ಸ್ವಾಮಿ!" ಎನ್ನುತ್ತಲೇ ಅಪ್ಪ ಒಂದಿಷ್ಟು ಹೆರೆದು, ಎಲ್ಲಿ, ಎಷ್ಟು ಹೆರೆದೆನೆಂದು ಅಡಿಯಲ್ಲಿ ಬರೆದಿಡುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಇಬ್ಬರೂ ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ.

ಈಗ, ಕುರ್ಚಿಯ ಮೂಲ ನಕ್ಷೆ ನನ್ನ ಬಳಿ ಇದ್ದರೆ ಕಳಿಸಬೇಕೆಂದು ಕೇಳಿದ್ದೀರಿ. ನೀವು ಉಜ್ಜಿದ್ದು ಅದನ್ನೇ. ಆ ಪುಡಿಯನ್ನು ಇನ್ನೂ ಗುಡಿಸಿ ಹಾಕಿರದಿದ್ದರೆ, ದಯವಿಟ್ಟು ನನಗೆ ಕಳಿಸಿ.

ಇಂತಿ,
ಬಡಗಿ ಅಂಬ್ರೋಜೋನ ಮಗಳು
ಎರ್ಸಿಲಿಯಾ ಕೊಲ್ಜಾನಿ