ಹರಿವ ನೀರಿನ ಮೇಲಿನ ಗಾಳಿ

ಮಾರ್ಚ್ ೧೪, ಶನಿವಾರ
ಪ್ರಯೋಗಾಲಯ, ಎರಡನೆಯ ಮಹಡಿ

ಪ್ರೀತಿಯ ಅಪ್ಪಾ,

ನೀವು ಜೋಡಿಸಿದ ಉಪಕರಣದಲ್ಲಿ ದೋಷವಿಲ್ಲವೆಂದು ತಿಳಿಸುವುದಕ್ಕಾಗಿಯೇ ಇಂದು ಈ ಪತ್ರ. ಅದಕ್ಕೂ ಮೊದಲು, ಹಡಗಿನಲ್ಲಿ ನಿಮ್ಮ ಸೊಂಟನೋವು ಹೇಗಿದೆ? ಎಣ್ಣೆಯ ಸೀಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೀರಿ. ಅಮ್ಮ ದಿನಕ್ಕೊಮ್ಮೆ ಅದನ್ನು ಎತ್ತಿ ತೋರಿಸಿ, ನಿಮಗೆ ಸಲ್ಲಬೇಕಾದ ಬೈಗುಳವನ್ನು ನನಗೆ ಒಪ್ಪಿಸುತ್ತಾಳೆ.

ನಡುಗಡಲಿನಲ್ಲಿ ನೀವು ಲಂಗರು ಹಾಕಿ ನಿಲ್ಲಿಸಿದ ತೇಲುಬುರುಡೆಯ ಮೇಲಿನ ಉಪಕರಣ, ಗಾಳಿಯ ವೇಗ ಸೆಕೆಂಡಿಗೆ ಏಳು ಮೀಟರ್ ಎಂದರೆ, ಉಪಗ್ರಹ ಆರು ಎನ್ನುತ್ತದೆ. "ಕೂರಿಸಿದವನು ಎಲ್ಲೋ ಎಡವಿದ್ದಾನಮ್ಮ, ಹಾಗಂತ ಬರೆದು ಮುಗಿಸು" ಎಂದರು ನಮ್ಮ ಮುಖ್ಯಸ್ಥರು, ಕೂರಿಸಿದವರು ಯಾರ ತಂದೆಯೆಂದು ತಿಳಿದಿದ್ದೂ. ದಿಕ್ಸೂಚಿಯ ಮುಳ್ಳನ್ನು ಕಬ್ಬಿಣ ಎಳೆದೀತೆಂದು ಬೀಗದ ಕೈ, ಗಡಿಯಾರ, ಕೊನೆಗೆ ಬೆಲ್ಟನ್ನೂ ಕಳಚಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಾಲ್ಕನೆಯ ಸಲ ದಿಕ್ಕು ನೋಡುವ ಮನುಷ್ಯನನ್ನು ಅವರು ಕಂಡಿಲ್ಲ.

ಎರಡು ವರ್ಷದ ಅಂಕಿಗಳನ್ನು ಜಾಲಾಡಿದೆ. ವರ್ಷದಲ್ಲಿ ಆರು ತಿಂಗಳು ಉಪಗ್ರಹ ಕಡಿಮೆ ಹೇಳುತ್ತದೆ. ಅಲ್ಲಿನ ಸಾಗರ ಪ್ರವಾಹ ದಿಕ್ಕು ತಿರುಗಿಸಿದೊಡನೆ ಹೆಚ್ಚು ಹೇಳುತ್ತದೆ. ಓರೆಯಾಗಿ ಕೂತ ಉಪಕರಣ ಪ್ರವಾಹವನ್ನು ಕೇಳಿಕೊಂಡು ತಪ್ಪು ಮಾಡುವುದಿಲ್ಲ. ಉಪಗ್ರಹಕ್ಕೆ ಗಾಳಿ ಕಾಣುವುದಿಲ್ಲ, ಗಾಳಿ ಎಬ್ಬಿಸಿದ ಪುಟ್ಟ ಅಲೆಗಳಷ್ಟೇ ಕಾಣುತ್ತವೆ. ನೀರೇ ಗಾಳಿಯ ಜೊತೆ ಹರಿಯುತ್ತಿದ್ದರೆ ಆ ಅಲೆಗಳೂ ತಗ್ಗುತ್ತವೆ. ನೀವು ಸೈಕಲ್ ಕಲಿಸಿದ ದಿನ, ಗಾಳಿ ಬೀಸುವತ್ತಲೇ ತುಳಿಯುತ್ತ "ಗಾಳಿ ನಿಂತೇಹೋಯಿತು" ಎಂದಿದ್ದೆನಲ್ಲ, ಹಾಗೆ. ಹಿಂದೆ ನಿಂತಿದ್ದ ನಿಮ್ಮ ಟೋಪಿ ಆಗಲೇ ಹಾರಿಹೋಗಿತ್ತು. ಇಬ್ಬರ ಲೆಕ್ಕವೂ ಸರಿಯಾಗಿತ್ತು.

ಇದನ್ನು ವಿವರಿಸಿದಾಗ ಮುಖ್ಯಸ್ಥರು, "ತರಗತಿಗೆ ಮೊದಲಿಗಳಾದೆ ಅಂತ ಸಮುದ್ರಕ್ಕೂ ಪಾಠ ಮಾಡ್ಬೇಡ" ಎಂದರು. ಪಾಠ ಮಾಡಿದ್ದು ಸಮುದ್ರ, ನಾನು ಟಿಪ್ಪಣಿ ಬರೆದುಕೊಂಡೆ ಎಂದೆ. ಸೋಮವಾರ ವರದಿ ಹೋಗುತ್ತದೆ. ಅದರಲ್ಲಿ "ಜೋಡಣೆಯ ದೋಷ" ಎಂಬ ಮಾತಿದೆ. ನಾನು ಸಹಿ ಹಾಕಿದರೆ ನೀವು ಹಡಗಿನಿಂದ ಇಳಿಯಬೇಕು, ಹಾಕದಿದ್ದರೆ ನಾನು ಸಂಶೋಧನೆಯಿಂದ.

ಅಮ್ಮನಿಂದ ಸುದ್ದಿ ತಿಳಿದು ನೀವು ಬರೆದದ್ದು ಮಂಗಳವಾರ ತಲುಪಿತು: "ಸಹಿ ಹಾಕಿಬಿಡು ಮಗಳೇ, ನನ್ನ ನೌಕರಿ ಇನ್ನೆರಡು ವರ್ಷ, ನಿನ್ನದು ಈಗ ಶುರು." ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ನನ್ನ ಮೇಜಿನ ಕಾಲಿನಡಿ ಇಟ್ಟಿದ್ದೇನೆ. ಮೇಜು ಈಗ ನೆಟ್ಟಗೆ ನಿಂತಿದೆ.

ಸೊಂಟ ಜೋಪಾನ. ಅಮ್ಮ ಕೇಳಿದಳೆಂದು ತಿಳಿಯಿರಿ.

ನಿಮ್ಮ ಹಟಮಾರಿ

ಇನ್ನೊಂದು ಮಾತು: ಮುಖ್ಯಸ್ಥರು ಇದೀಗ ಬಂದು ವರದಿಯನ್ನೂ ತಮ್ಮ ಪೆನ್ನನ್ನೂ ಇಟ್ಟು ಹೋದರು. ನಾನು ಸಹಿ ಹಾಕುವುದಿಲ್ಲ.