ಮೂವತ್ತು ಸೆಂಟ್ ಮಳೆ

ಮೇ 13, ಬೆಳಿಗ್ಗೆ 8.10
ರೈನ್‌ಗೇಜಿನಲ್ಲಿ ಮೂವತ್ತು ಸೆಂಟ್. ನೂರು ಸೆಂಟಿಗೆ ಒಂದು ಇಂಚು; ಇದು ಅರ್ಧ ಇಂಚೂ ಇಲ್ಲ. ಕೊಡಗಿನ ಗುಡ್ಡದ ಮೇಲಿನ ನಮ್ಮೂರು ಕರಿಕೆಗೆ ಇದೂ ಒಂದು ಮಳೆಯೇ!

ಹೆಂಡತಿ ಕಮಲ ಇದ್ದಾಗ ಅವಳೇ ತಂಗಿ ಚಿತ್ರಾಳಿಗೆ ಫೋನ್ ಮಾಡಿ ಮಳೆ ಹೇಳುತ್ತಿದ್ದಳು. ಅವಳು ಹೋದ ಮೇಲೆ, ನಾಲ್ಕು ವರ್ಷದಿಂದ, ಆ ಡ್ಯೂಟಿ ನನ್ನದು. ಚಿತ್ರಾಳ ಮನೆ ಕಾಸರಗೋಡಿನ ಹತ್ತಿರ, ನಮ್ಮ ಹೊಳೆ ಸಮುದ್ರ ಸೇರುವಲ್ಲಿ. ಇಲ್ಲಿ ಐದು ಇಂಚು ಬಿದ್ದರೆ ಮರುದಿನ ಅವಳ ಅಂಗಳದಲ್ಲಿ ನೀರು. ದಿನಕ್ಕೆ ನಾನು ಆಡುವ ಮಾತು ಹೆಚ್ಚುಕಡಿಮೆ ಅಷ್ಟೇ... ಮಳೆಯ ಲೆಕ್ಕ.

ಮೇ 14, ಸಂಜೆ
ಇವತ್ತು ಚಿತ್ರಾಳೇ ಫೋನ್ ಮಾಡಿದಳು.
“ಭಾವ, ಸೈಕ್ಲೋನ್ ಬಂದದೆ ಗಡ. ಎಲ್ಲ ಮನೆ ಬಿಟ್ಟ್ ಶಾಲೆಯ ಕ್ಯಾಂಪಿಗೆ ಹೊರಟೊಳೊ. ಅಲ್ಲಿ ಮಳೆ ಎಷ್ಟುಟ್ಟು?”
“ನಲ್ವತ್ತು ಸೆಂಟ್. ಹೊಳೇಲಿ ಕಲ್ಲೆಲ್ಲ ಕಾಣ್ತುಟ್ಟು. ಶಾಲೆಗೆ ಎಂತಕೆ? ಮನೇಲೇ ಕೂರ್.”
“ಪಕ್ಕದ ಮನೆಯವು ನಗಾಡ್ತೊಳೊ. ಗುಡ್ಡದ ಭಾವನ ಕೇಳದೆ ಇವ್ಳು ಬಟ್ಟೆನೂ ಒಣಗ್ಸುದಿಲ್ಲೆ ಅಂತ!”
ಇಬ್ಬರೂ ನಕ್ಕೆವು. ಸಮುದ್ರ ಏರಿ ಬರುತ್ತದೆಯೇ? ಸೀ ಲೆವೆಲ್ ಈಸ್ ಕಾನ್‌ಸ್ಟಂಟ್ — ಮಡಿಕೇರಿ ಕಾಲೇಜಿನಲ್ಲಿ ಹಾಗೇ ಬರೆದು ಪಾಸಾದವನು ನಾನು.

ಮೇ 15
ಅವಳ ಫೋನ್ ಸ್ವಿಚ್ಡ್ ಆಫ್. ಟಿವಿಯಲ್ಲಿ ತೋರಿಸಿದರು. ಗಾಳಿ ಸಮುದ್ರವನ್ನೇ ದಡದ ಮೇಲೆ ತಳ್ಳಿದೆ. ಸ್ಟಾರ್ಮ್ ಸರ್ಜ್ ಅಂತೆ. ಹೊಳೆಯ ಬಾಯಿಂದ ಒಳಗೆ ನುಗ್ಗಿ ಮನೆಗಳೆಲ್ಲ ನೀರಿನಲ್ಲಿ. ಮೇಲಿನಿಂದ ಬರುವ ನೀರು ಮಾತ್ರ ನನಗೆ ಗೊತ್ತಿದ್ದದ್ದು. ಇದು ಕೆಳಗಿನಿಂದ ಬಂತು.

ಕೂರು ಅಂದವನು ನಾನು.

ಮೇ 17
ಬದುಕಿದ್ದಾಳೆ. ಶಾಲೆಯಿಂದ, ಯಾರದೋ ಫೋನಿನಲ್ಲಿ ಮಾತಾಡಿದಳು. ಎದೆಮಟ್ಟದ ನೀರಿನಲ್ಲಿ ಪಕ್ಕದ ಮನೆಯವರೇ ಎಳೆದು ತಂದರಂತೆ. ಬಾವಿ ಉಪ್ಪಾಗಿದೆ. ಐ ಆಮ್ ವೆರಿ ಸಾರಿ ಅಂದೆ. ಕನ್ನಡದಲ್ಲಿ ಬಾಯಿಗೇ ಬರಲಿಲ್ಲ.
“ಇರ್ಲಿ ಭಾವ” ಅಂದಳು.
ಮಳೆ ಎಷ್ಟು ಅಂತ ಕೇಳಲಿಲ್ಲ.

ಜೂನ್ 9, ಬೆಳಿಗ್ಗೆ 8
ಮೂರು ವಾರ ಗೇಜಿನ ಕಡೆ ಹೋಗಿರಲಿಲ್ಲ. ಅವಳ ಫೋನೂ ಇಲ್ಲ. ನಿನ್ನೆ ಮೋಡ ನೋಡಿ, ಗೇಜ್ ತೊಳೆದು ಇಟ್ಟೆ. ಇವತ್ತು ಆರು ಇಂಚು ಹತ್ತು ಸೆಂಟ್. ಹೊಳೆ ಕೆಂಪಗೆ ಹರಿಯುತ್ತಿದೆ.

ಚಿತ್ರಾ ಮನೆಗೆ ಮರಳಿ ವಾರವಾಯಿತು ಅಂತ ನೆಂಟರ ಬಾಯಿಂದ ಕೇಳಿದ್ದೆ. ನಾಳೆಗೆ ನೀರು ಅಲ್ಲಿರುತ್ತದೆ. ಹೇಳಲೇಬೇಕು. ನಂಬದಿದ್ದರೆ? ನಂಬು ಅಂತ ಯಾವ ಮುಖ ಇಟ್ಟುಕೊಂಡು ಕೇಳಲಿ...

ಡಯಲ್ ಮಾಡಿದೆ. ರಿಂಗಾಗುತ್ತಿದೆ. ನಾಲ್ಕು ವರ್ಷದಲ್ಲಿ ಅವಳನ್ನು ನಾನು ಏನೂ ಕೇಳಿದವನಲ್ಲ, ಬರೀ ಹೇಳಿದವನು. ಇವತ್ತು ಮೊದಲು ಕೇಳುತ್ತೇನೆ, ಅಲ್ಲಿ ಸಮುದ್ರ ಹೇಗಿದೆ ಅಂತ. ಆಮೇಲೆ ಮಳೆ...

ಎತ್ತಿದಳು —